ಬಾಖ್ ನೌಕರಿ ಮಾಡಿದ ಊರು

ಒಂದು ಊರನ್ನು ಸಂಗೀತದ ಊರು ಎಂದು ಕರೆಯಬೇಕಾದರೆ ಅಲ್ಲಿ ಏನಿರಬೇಕು ಎಂಬ ಪ್ರಶ್ನೆ ಜರ್ಮನಿಯ ಲೈಪ್‌ಜಿಗ್ ನೋಡಿ ಬಂದ ಮೇಲೂ ನನ್ನನ್ನು ಬಿಟ್ಟಿಲ್ಲ. ವಿಯೆನ್ನಾ, ಸಾಲ್ಸ್‌ಬರ್ಗ್, ಪ್ರಾಗ್ ಎಂದು ಪ್ರವಾಸದ ಕಂಪನಿಗಳು ಹೆಸರಿಸುವ ಊರುಗಳಲ್ಲೆಲ್ಲ ಇದಕ್ಕೆ ಸಿದ್ಧ ಉತ್ತರವೊಂದಿದೆ: ಈ ಮನೆಯಲ್ಲಿ ಇಂಥವರು ಹುಟ್ಟಿದರು, ಈ ಕೋಣೆಯಲ್ಲಿ ಇಂಥ ಕೃತಿ ರಚಿಸಿದರು, ಇಲ್ಲಿ ಮಣ್ಣಾದರು. ಆ ಲೆಕ್ಕ ಹಿಡಿದರೆ ಲೈಪ್‌ಜಿಗ್ ಯಾವ ಊರಿಗೂ ಕಡಿಮೆಯಲ್ಲ. ಆಪೆರಾಗಳ ರಚನಕಾರ ವಾಗ್ನರ್ 1813ರಲ್ಲಿ ಹುಟ್ಟಿದ್ದು ಇಲ್ಲಿ. ಪಿಯಾನೋ ವಾದಕಿ ಕ್ಲಾರಾ ಶೂಮನ್ 1819ರಲ್ಲಿ ಹುಟ್ಟಿದ್ದೂ ಇಲ್ಲಿಯೇ. ಸಂಗೀತ ರಚನಕಾರ ಮೆಂಡೆಲ್ಸನ್ 1847ರಲ್ಲಿ ತೀರಿಕೊಂಡದ್ದು ಇಲ್ಲಿಯ ತಮ್ಮ ಮನೆಯಲ್ಲಿ. ಹದಿನೆಂಟನೆಯ ಶತಮಾನದ ಮಹಾ ರಚನಕಾರ ಯೋಹಾನ್ ಸೆಬಾಸ್ಟಿಯನ್ ಬಾಖ್ ತಮ್ಮ ಕೊನೆಯ 27 ವರ್ಷಗಳನ್ನು ಕಳೆದದ್ದೂ ಇಲ್ಲಿ. ಆದರೂ ಊರೆಲ್ಲ ಸುತ್ತಿ ಮುಗಿಸುವ ಹೊತ್ತಿಗೆ ಈ ಹುಟ್ಟುಸಾವುಗಳ ಪಟ್ಟಿ ನನಗೆ ತೀರಾ ಮೇಲುಮೇಲಿನದು ಎನ್ನಿಸಿತು. ಲೈಪ್‌ಜಿಗ್‌ನ ಸಂಗೀತ ನಿಂತಿರುವುದು ಮಹಾಪುರುಷರ ಮೇಲಲ್ಲ, ಒಂದು ನೌಕರಿಯ ಮೇಲೆ. ಯಾರೋ ಒಬ್ಬರಿಗೆ ಸಂಬಳ ಕೊಟ್ಟು, ಅವರ ಕೈಗೆ ಒಂದಷ್ಟು ಹುಡುಗರನ್ನು ಒಪ್ಪಿಸಿ, ವಾರವಾರವೂ ಊರಿಗಾಗಿ ಹಾಡಿಸತಕ್ಕದ್ದು ಎಂದು ಕಟ್ಟುಮಾಡಿದ ಒಂದು ಏರ್ಪಾಟಿನ ಮೇಲೆ.

ಬರ್ಲಿನ್‌ನಿಂದ ವೇಗದ ರೈಲಿನಲ್ಲಿ ಹೊರಟರೆ ಒಂದೂಕಾಲು ಗಂಟೆಯ ದಾರಿ. ರೈಲು ನಿಲ್ದಾಣ ಊರಿಗೇ ದೊಡ್ಡದೆನ್ನುವಷ್ಟು ವಿಶಾಲವಾಗಿದೆ. ಅಲ್ಲಿಂದ ಹೊರಬಿದ್ದು ವರ್ತುಲ ರಸ್ತೆ ದಾಟಿದರೆ ಹಳೆಯ ಪೇಟೆ ಶುರುವಾಗುತ್ತದೆ. ಒಂದು ಕಾಲದಲ್ಲಿ ಕೋಟೆಗೋಡೆಯಿದ್ದ ಜಾಗದಲ್ಲಿ ಈಗ ಆ ರಸ್ತೆಯಿದೆ, ಅದರೊಳಗಿನ ಊರನ್ನು ಈ ತುದಿಯಿಂದ ಆ ತುದಿಗೆ ಕಾಲು ಗಂಟೆಯಲ್ಲಿ ನಡೆದು ಮುಗಿಸಬಹುದು. ಕಾಲ್ದಾರಿಯ ಕಲ್ಲುಗಳ ನಡುವೆ ಅಲ್ಲಲ್ಲಿ ಬಾಗಿದ ಸ್ಟೀಲಿನ ಪಟ್ಟಿಗಳನ್ನು ಹುದುಗಿಸಿದ್ದಾರೆ. ಅವುಗಳ ಜಾಡು ಹಿಡಿದು ನಡೆದರೆ ಐದು ಕಿಲೋಮೀಟರಿಗಿಂತ ತುಸು ಹೆಚ್ಚಿನ ದಾರಿಯಲ್ಲಿ ಸಂಗೀತಗಾರರ ಮನೆಗಳು, ಸ್ವರಪುಸ್ತಕಗಳನ್ನು ಅಚ್ಚು ಹಾಕುತ್ತಿದ್ದ ಪ್ರಕಾಶಕರ ಕಟ್ಟಡಗಳು, ಸಭಾಂಗಣಗಳು, ಚರ್ಚುಗಳು ಒಂದರ ಹಿಂದೆ ಒಂದು ಸಿಗುತ್ತವೆ. ನನ್ನ ಜೊತೆಗೆ ಮಂಗಳೂರಿನ ಗೆಳತಿಯೊಬ್ಬಳಿದ್ದಳು. ಬರ್ಲಿನ್‌ನಲ್ಲಿ ಕೆಲಸಕ್ಕಿರುವ ಅವಳಿಗೆ ಜರ್ಮನ್ ಚೆನ್ನಾಗಿ ಬರುತ್ತದೆ. ಅವಳಿಲ್ಲದಿದ್ದರೆ ಈ ಬರಹದ ಅರ್ಧ ಭಾಗ ನನಗೆ ಕಾಣುತ್ತಲೇ ಇರಲಿಲ್ಲ.

ಆರು ಹೆಜ್ಜೆಯ ಗುರುತು

ಎಲ್ಲರೂ ಮೊದಲು ಹೋಗುವುದು ಥಾಮಸ್ ಚರ್ಚಿಗೆ, ನಾವೂ ಹೋದೆವು. ಹೊರಗಿನಿಂದ ನೋಡಿದರೆ ಕಣ್ಣಿಗೆ ಬೀಳುವುದು ಅದರ ಚಾವಣಿಯೇ. ಗೋಡೆಗಿಂತ ಎತ್ತರವೇನೋ ಎನ್ನುವಂತೆ ಕಡಿದಾಗಿ ಏರಿ ನಿಂತಿದೆ. ಒಳಗೆ ಬಿಳಿ ಕಮಾನುಗಳ ಮೇಲೆ ಕೆಂಪು ಏಣುಗಳು. ಬಲಿಪೀಠದ ಎದುರಿನ ನೆಲದಲ್ಲಿ ಒಂದು ಕಂಚಿನ ಫಲಕ, ಅದರ ಮೇಲೆ ಹೆಸರೊಂದನ್ನು ಬಿಟ್ಟರೆ ಬೇರೆ ಬರಹವಿಲ್ಲ. ಯಾರೋ ಇಟ್ಟು ಹೋದ ಹೂಗಳು, ಸುತ್ತ ಒಂದು ಹಗ್ಗ, ಆ ಹಗ್ಗದ ಈಚೆ ಸದ್ದಿಲ್ಲದೆ ನಿಂತ ಜನ. ಬಾಖ್ ಇಲ್ಲೇ ಕೆಲಸ ಮಾಡಿದರು, ಇಲ್ಲೇ ಮಲಗಿದ್ದಾರೆ ಎಂದುಕೊಂಡು ನಾನೂ ಕೈಮುಗಿದೆ. ಈ ಫಲಕವನ್ನು ಇಲ್ಲಿ ಹಾಕಿದ್ದು 1950ರಲ್ಲಿ ಎಂಬುದು ಆಮೇಲೆ ತಿಳಿಯಿತು.

1750ರ ಜುಲೈ 28ರಂದು ಬಾಖ್ ತೀರಿಕೊಂಡಾಗ ಅವರನ್ನು ಮಣ್ಣು ಮಾಡಿದ್ದು ಊರ ಗೋಡೆಯ ಹೊರಗಿದ್ದ ಯೋಹಾನಿಸ್ ಸ್ಮಶಾನದಲ್ಲಿ. ಗೋರಿಯ ಮೇಲೊಂದು ಕಲ್ಲನ್ನೂ ಯಾರೂ ನಿಲ್ಲಿಸಲಿಲ್ಲ. ಸುಮಾರು ಒಂದೂವರೆ ಶತಮಾನ ಅದರ ಗುರುತು ಉಳಿದದ್ದು ಬಾಯಿಮಾತಿನಲ್ಲಿ ಮಾತ್ರ: ಅಲ್ಲಿಯ ಚರ್ಚಿನ ದಕ್ಷಿಣದ ಬಾಗಿಲಿನಿಂದ ನೇರಕ್ಕೆ ಆರು ಹೆಜ್ಜೆ. 1894ರಲ್ಲಿ ಆ ಚರ್ಚನ್ನು ಮತ್ತೆ ಕಟ್ಟಲು ಕೆಡವಿದಾಗ ಈ ಆರು ಹೆಜ್ಜೆಯ ಮಾತನ್ನು ನಂಬಿ ಅಗೆದರು. ಓಕ್ ಮರದ ಪೆಟ್ಟಿಗೆಯೊಂದರಲ್ಲಿ ವಯಸ್ಸಾದ ಗಂಡಸಿನ ಅಸ್ಥಿಗಳು ಸಿಕ್ಕವು. ಶರೀರರಚನಾ ಶಾಸ್ತ್ರಜ್ಞ ವಿಲ್ಹೆಲ್ಮ್ ಹಿಸ್ ಅವನ್ನು ಪರೀಕ್ಷಿಸಿದರು, ಶಿಲ್ಪಿ ಕಾರ್ಲ್ ಸೆಫ್ನರ್ ಆ ತಲೆಬುರುಡೆಯ ಅಚ್ಚಿನ ಮೇಲೆ ಜೇಡಿಮಣ್ಣು ಮೆತ್ತಿ ಮುಖ ರೂಪಿಸಿದರು, ಅದು ಬಾಖ್‌ರ ಚಿತ್ರವನ್ನು ಹೋಲುತ್ತದೆಂದು ತೀರ್ಮಾನವಾಯಿತು. ಅಸ್ಥಿಗಳು ಅದೇ ಚರ್ಚಿನ ನೆಲಮಾಳಿಗೆ ಸೇರಿದವು. ಎರಡನೆಯ ಮಹಾಯುದ್ಧದಲ್ಲಿ, 1943ರ ಡಿಸೆಂಬರಿನ ಬಾಂಬ್ ದಾಳಿಗೆ ಆ ಚರ್ಚು ಸುಟ್ಟುಹೋಯಿತು. ಯುದ್ಧ ಮುಗಿದ ಮೇಲೆ, 1949ರಲ್ಲಿ, ಅವಶೇಷಗಳನ್ನು ಥಾಮಸ್ ಚರ್ಚಿಗೆ ತಂದರು. ನಾನು ಕೈಮುಗಿದದ್ದು ಇಷ್ಟೆಲ್ಲ ದಾರಿ ನಡೆದು ಬಂದ ಒಂದು ನಂಬಿಕೆಗೆ. ಅದರಿಂದ ನನಗೆ ಬೇಸರವಾಗಲಿಲ್ಲ. ಆದರೆ ಗೋರಿಯನ್ನೇ ಕಳೆದುಕೊಂಡಿದ್ದ ಊರು ಬಾಖ್‌ರ ಸಂಗೀತವನ್ನು ಮಾತ್ರ ಹೇಗೆ ಕಳೆದುಕೊಳ್ಳದೆ ಉಳಿಸಿಕೊಂಡಿತು ಎಂಬ ಯೋಚನೆ ಅಲ್ಲಿಂದಲೇ ಶುರುವಾಯಿತು.

ಕರಾರು

ಚರ್ಚಿನ ಪಕ್ಕದ ಅಂಗಳದಲ್ಲಿ ಬಾಖ್‌ರ ದೊಡ್ಡ ಪ್ರತಿಮೆಯಿದೆ. ತಲೆಬುರುಡೆಯ ಮೇಲೆ ಮುಖ ರೂಪಿಸಿದ ಅದೇ ಸೆಫ್ನರ್ 1908ರಲ್ಲಿ ಮಾಡಿದ್ದು. ಕೈಯಲ್ಲಿ ಸುರುಳಿ ಸುತ್ತಿದ ಹಾಳೆ, ಬೆನ್ನಿಗೆ ಆರ್ಗನ್ ವಾದ್ಯ. ಹತ್ತಿರ ಹೋದರೆ ಕೋಟಿನ ಎಡ ಜೇಬು ಒಳಮಗ್ಗುಲು ಹೊರಗಾಗಿ ನೇತುಬಿದ್ದಿರುವುದು ಕಾಣುತ್ತದೆ. ಬಾಖ್‌ರ ಕೈಯಲ್ಲಿ ಕಾಸಿರುತ್ತಿರಲಿಲ್ಲ ಎಂದು ತೋರಿಸುವುದಕ್ಕೆ ಹೀಗೆ ಮಾಡಿದ್ದಾರೆಂದು ಅಲ್ಲಿ ಎಲ್ಲರೂ ಹೇಳುತ್ತಾರೆ. ಬಡತನ ಎನ್ನುವುದು ಸ್ವಲ್ಪ ಹೆಚ್ಚಾಯಿತೆಂದು ನನಗನ್ನಿಸುತ್ತದೆ. ಅವರ ಸಂಪಾದನೆ ಹೊಟ್ಟೆಬಟ್ಟೆಗೆ ಸಾಲದಷ್ಟು ಕಡಿಮೆಯೇನೂ ಇರಲಿಲ್ಲ. ಆದರೆ ಆ ಸಂಪಾದನೆ ಎಲ್ಲಿಂದ ಬರುತ್ತಿತ್ತು ಎಂಬುದನ್ನು ಅವರ ಮಾತಿನಲ್ಲೇ ಓದಬೇಕು. 1730ರಲ್ಲಿ ಹಳೆಯ ಗೆಳೆಯ ಗಿಯೋರ್ಗ್ ಏರ್ಡ್‌ಮನ್‌ಗೆ ಬರೆದ ಕಾಗದದಲ್ಲಿ ತಮ್ಮ ಹುದ್ದೆಯಿಂದ ವರ್ಷಕ್ಕೆ ಸುಮಾರು 700 ಥಾಲರ್ (ಆ ಕಾಲದ ಬೆಳ್ಳಿ ನಾಣ್ಯ) ಬರುತ್ತದೆಂದು ಹೇಳಿ, ಅದರಲ್ಲಿ ಹೆಚ್ಚಿನದು ಮೇಲುಸಂಪಾದನೆಯೆಂದೂ, ಊರಿನಲ್ಲಿ ಸಾವುಗಳು ಹೆಚ್ಚಾದಾಗ ಅದು ಏರುತ್ತದೆಂದೂ, ಗಾಳಿ ಆರೋಗ್ಯಕರವಾಗಿದ್ದರೆ ಇಳಿಯುತ್ತದೆಂದೂ, ಹಿಂದಿನ ವರ್ಷ ಹಾಗೆ ನೂರಕ್ಕೂ ಹೆಚ್ಚು ಥಾಲರ್ ಖೋತಾ ಆಯಿತೆಂದೂ ಬರೆದಿದ್ದಾರೆ. ಶವಯಾತ್ರೆಯಲ್ಲಿ ಹುಡುಗರನ್ನು ಕರೆದುಕೊಂಡು ಹಾಡಿಸುತ್ತ ಹೋಗುವುದಕ್ಕೆ ದಕ್ಷಿಣೆ ಇರುತ್ತಿತ್ತು. ಮನೆತುಂಬ ಮಕ್ಕಳಿದ್ದ ಮನುಷ್ಯ ಊರಿನ ಗಾಳಿಯನ್ನು ನೋಡಿ ತಿಂಗಳ ಖರ್ಚಿನ ಲೆಕ್ಕ ಹಾಕಬೇಕಿತ್ತು.

ಆ ಹುದ್ದೆ ಸಿಕ್ಕ ಬಗೆಯೂ ಹಾಗೆಯೇ ಸಾದಾ. ಥಾಮಸ್ ಶಾಲೆಯ ಹುಡುಗರಿಗೆ ಸಂಗೀತ ಕಲಿಸಿ ಚರ್ಚುಗಳಲ್ಲಿ ಹಾಡಿಸುವವರಿಗೆ ಕ್ಯಾಂಟರ್ ಎಂದು ಹೆಸರು. 1722ರಲ್ಲಿ ಹಿಂದಿನ ಕ್ಯಾಂಟರ್ ಕುನಾವ್ ತೀರಿಕೊಂಡಾಗ ನಗರಸಭೆ ಮೊದಲು ಕೇಳಿದ್ದು ಆಗಿನ ಹೆಸರಾಂತ ರಚನಕಾರ ಟೆಲೆಮನ್‌ರನ್ನು. ಅವರು ನೌಕರಿಯಲ್ಲಿದ್ದ ಹ್ಯಾಂಬರ್ಗ್ ನಗರ ಅವರ ಸಂಬಳ ಹೆಚ್ಚಿಸಿತು, ಅವರು ಅಲ್ಲೇ ಉಳಿದರು. ಆಮೇಲೆ ಗ್ರೌಪ್ನರ್ ಎಂಬ ಇನ್ನೊಬ್ಬ ರಚನಕಾರರು; ಅವರನ್ನು ಡಾರ್ಮ್‌ಸ್ಟಾಟ್‌ನ ದೊರೆ ಬಿಡಲಿಲ್ಲ. ಬಾಖ್‌ರನ್ನು ಆರಿಸಿದ್ದು 1723ರ ಏಪ್ರಿಲ್‌ನಲ್ಲಿ. ಅವರು ರುಜು ಹಾಕಿದ ಕರಾರಿನಲ್ಲಿ ಮೇಯರರ ಅಪ್ಪಣೆಯಿಲ್ಲದೆ ಊರು ಬಿಡಕೂಡದು, ಚರ್ಚಿನ ಸಂಗೀತ ತೀರಾ ಉದ್ದವಾಗಬಾರದು, ಅದು ಆಪೆರಾದಂತೆ ಕೇಳಿಸಬಾರದು, ಕೇಳುವವರಲ್ಲಿ ಭಕ್ತಿ ಹುಟ್ಟಿಸುವಂತಿರಬೇಕು ಎಂದೆಲ್ಲ ಇದೆ. ಶಾಲೆಯ ಹುಡುಗರಿಗೆ ಲ್ಯಾಟಿನ್ ಪಾಠ ಹೇಳುವುದೂ ಅದೇ ಹುದ್ದೆಗೆ ಸೇರಿತ್ತು. ಅದಕ್ಕೆ ಬಾಖ್ ತಮ್ಮ ಕೈಯಿಂದ ಹಣ ಕೊಟ್ಟು ಬೇರೆಯವರನ್ನು ಇಟ್ಟುಕೊಂಡರು.

ಇಷ್ಟರ ನಡುವೆ ಆ ವರ್ಷದ ಮೇ 30ರ ಭಾನುವಾರ ನಿಕೊಲಾಯ್ ಚರ್ಚಿನಲ್ಲಿ ಈ ಹುದ್ದೆಯ ಅವರ ಮೊದಲ ಕ್ಯಾಂಟಾಟ, ಎಂದರೆ ಆರಾಧನೆಗೆಂದು ಗಾಯಕರಿಗೂ ವಾದ್ಯಗಳಿಗೂ ಬರೆದ ಕೃತಿ, ಕೇಳಿಸಿತು. ಅಲ್ಲಿಂದ ಮುಂದೆ ಮೊದಲ ಕೆಲವು ವರ್ಷ ಹೆಚ್ಚುಕಡಿಮೆ ಪ್ರತಿ ಭಾನುವಾರಕ್ಕೂ ಹಬ್ಬಕ್ಕೂ ಒಂದೊಂದು. ವಾರದ ಮೊದಲಲ್ಲಿ ರಚಿಸಬೇಕು, ಪ್ರತಿಯೊಂದು ದನಿಗೂ ಪ್ರತಿಯೊಂದು ವಾದ್ಯಕ್ಕೂ ಬೇರೆಬೇರೆ ಹಾಳೆಗಳನ್ನು ಕೈಯಲ್ಲಿ ನಕಲು ಮಾಡಿಸಬೇಕು, ಶನಿವಾರ ತಾಲೀಮು, ಭಾನುವಾರ ಬೆಳಿಗ್ಗೆ ಹಾಡಿಸಬೇಕು, ಸೋಮವಾರದಿಂದ ಮುಂದಿನದಕ್ಕೆ ಕೈಹಚ್ಚಬೇಕು. ಇನ್ನೂರರ ಹತ್ತಿರ ಬರುವಷ್ಟು ಚರ್ಚಿನ ಕ್ಯಾಂಟಾಟಗಳು ನಮಗೆ ಉಳಿದಿವೆ, ಕಳೆದುಹೋದವೂ ಕಡಿಮೆಯೇನಲ್ಲ. ಇವನ್ನು ಹಾಡಿದ್ದು ಪಳಗಿದ ಗಾಯಕರಲ್ಲ, ಶಾಲೆಯ ಹುಡುಗರು. 1730ರಲ್ಲಿ ಬಾಖ್ ನಗರಸಭೆಗೆ ಕೊಟ್ಟ ಮನವಿಯಲ್ಲಿ ತಮ್ಮ ಕೈಕೆಳಗಿನ 54 ಹುಡುಗರನ್ನು ಮೂರು ಗುಂಪು ಮಾಡಿದ್ದಾರೆ: ಕೆಲಸಕ್ಕೆ ಬರುವವರು 17, ಇನ್ನೂ ತಯಾರಾಗಬೇಕಾದವರು 20, ಸಂಗೀತಕ್ಕೆ ಒಗ್ಗದವರು 17. ಈ ಹುಡುಗರನ್ನೇ ಊರಿನ ನಾಲ್ಕು ಚರ್ಚುಗಳಿಗೆ ಹಂಚಬೇಕಿತ್ತು. ಯೇಸುವಿನ ಯಾತನೆ ಮತ್ತು ಮರಣದ ಕಥೆಯನ್ನು ಹಾಡುವ ಮ್ಯಾಥ್ಯೂ ಪ್ಯಾಷನ್‌ನಂಥ ದೊಡ್ಡ ಕೃತಿಯನ್ನು ಬರೆದವರ ಮುಂದಿದ್ದ ಲೆಕ್ಕ ಇದು. ನಮ್ಮಲ್ಲಿ ದೊಡ್ಡ ಕಲಾವಿದರ ಕುರಿತು ಬರೆಯುವಾಗ ಸ್ಫೂರ್ತಿ, ದೈವಾನುಗ್ರಹ ಎಂಬ ಮಾತುಗಳು ಸುಲಭವಾಗಿ ಬಂದುಬಿಡುತ್ತವೆ. ಬಾಖ್‌ರ ವಿಷಯದಲ್ಲಿ ಅಷ್ಟಕ್ಕೇ ನಿಲ್ಲುವುದು ಅವರಿಗೆ ಅನ್ಯಾಯ ಮಾಡಿದಂತೆ ಎಂದು ನನಗೆ ತೋರುತ್ತದೆ. ದೇವಸ್ಥಾನದಲ್ಲಿ ಮುಂಜಾನೆಯ ಪೂಜೆಗೆ ನಾಗಸ್ವರ ಊದುವವರು ಎದುರಿಗೆ ಎಷ್ಟು ಜನರಿದ್ದಾರೆಂದು ನೋಡುವುದಿಲ್ಲ, ಹೊತ್ತಾಯಿತು, ಊದಬೇಕು. ಆ ಕಟ್ಟುಪಾಡಿನೊಳಗೇ ಕೆಲವು ದಿನ ರಾಗ ತಾನೇತಾನಾಗಿ ಅರಳುತ್ತದೆ. ಬಾಖ್‌ರ ಭಾನುವಾರಗಳನ್ನು ನಾನು ಅರ್ಥಮಾಡಿಕೊಳ್ಳುವುದು ಹಾಗೆ.

ಬೆನ್ನ ಹಿಂದಿನ ಹಾಡು

ಬಾಖ್ ತಯಾರು ಮಾಡುತ್ತಿದ್ದ ಆ ಹುಡುಗರ ಮೇಳ ಇಂದಿಗೂ ಇದೆ. ಥೋಮಾನರ್ ಎಂದು ಕರೆಯುವ ಈ ಮೇಳಕ್ಕೆ ಮೂಲವಾದ ಶಾಲೆ ಮಠವೊಂದರ ಜೊತೆ ಶುರುವಾದದ್ದು 1212ರಲ್ಲಿ, ಬಾಖ್ ಬರುವುದಕ್ಕೆ ಐದು ಶತಮಾನ ಮೊದಲು. ಒಂಬತ್ತರಿಂದ ಹದಿನೆಂಟರ ವಯಸ್ಸಿನ ಸುಮಾರು ನೂರು ಹುಡುಗರು ಶಾಲೆಗೆ ಸೇರಿದ ವಸತಿಯಲ್ಲಿದ್ದು ಓದುತ್ತ, ಶುಕ್ರವಾರ ಸಂಜೆ ಆರಕ್ಕೆ, ಶನಿವಾರ ಮಧ್ಯಾಹ್ನ ಮೂರಕ್ಕೆ, ಭಾನುವಾರದ ಆರಾಧನೆಯಲ್ಲಿ ಥಾಮಸ್ ಚರ್ಚಿನಲ್ಲಿ ಹಾಡುತ್ತಾರೆ. ಶಾಲೆಗೆ ರಜೆಯಿದ್ದಾಗ, ಮೇಳ ಪ್ರವಾಸದಲ್ಲಿದ್ದಾಗ ಬೇರೆ ಮೇಳಗಳು ಆ ಜಾಗ ತುಂಬುತ್ತವೆ. ಟಿಕೆಟ್ ಎಂಬುದಿಲ್ಲ, ಬಾಗಿಲಲ್ಲಿ ಕೆಲವೇ ಯೂರೋ ಕೊಟ್ಟು ಕಾರ್ಯಕ್ರಮದ ಹಾಳೆ ಕೊಂಡರೆ ಅದೇ ಪ್ರವೇಶ.

ನಾವು ಹೋದದ್ದು ಶನಿವಾರ. ಎರಡು ಗಂಟೆಗೇ ಬಾಗಿಲಲ್ಲಿ ಸಾಲು ಬೆಳೆದಿತ್ತು. ಒಳಗೆ ಮರದ ಬೆಂಚು; ಎದುರಿಗೆ ಬಲಿಪೀಠ, ಬಲಿಪೀಠದ ಮುಂದೆ ಆ ಕಂಚಿನ ಫಲಕ. ಹಾಡುವವರು ಎಲ್ಲಿ ನಿಲ್ಲುತ್ತಾರೆಂದು ನಾನು ಹುಡುಕುತ್ತಿದ್ದಾಗ ಪಕ್ಕದಲ್ಲಿ ಕುಳಿತ ಹಿರಿಯ ಮಹಿಳೆಯೊಬ್ಬರು ಹಿಂದಕ್ಕೆ, ಮೇಲಕ್ಕೆ ಬೆರಳು ತೋರಿಸಿದರು. ಪಶ್ಚಿಮದ ತುದಿಯಲ್ಲಿ, ದೊಡ್ಡ ಆರ್ಗನ್ನಿನ ಮುಂದಿನ ಅಟ್ಟದ ಮೇಲೆ ಮೇಳ ನಿಂತಿತ್ತು. ನೀಲಿ ಕಾಲರಿನ ನಾವಿಕರ ಉಡುಪಿನ ಚಿಕ್ಕ ಹುಡುಗರು ಕೆಲವರು ಕಂಡರು. ದೊಡ್ಡವರು ಕಪ್ಪು ಸೂಟಿನಲ್ಲಿ ಅವರ ಹಿಂದೆ. ಆ ಮಹಿಳೆ ನನ್ನ ಗೆಳತಿಯ ಜೊತೆ ಒಂದೆರಡು ಮಾತಾಡಿದರು. ತಾವು ಮದುವೆಯಾಗಿ ಈ ಊರಿಗೆ ಬಂದಾಗಿನಿಂದ ಶನಿವಾರಗಳಂದು ಇಲ್ಲಿಗೆ ಬರುತ್ತಿರುವುದಾಗಿಯೂ, ಯಾರ ಕೃತಿ ಹಾಡುತ್ತಾರೆಂದು ಮೊದಲೇ ನೋಡಿಕೊಂಡು ಬರುವ ಅಭ್ಯಾಸ ತಮಗಿಲ್ಲವೆಂದೂ ಹೇಳಿದರು. ಇಲ್ಲಿ ತಿರುಗಿ ನೋಡಬಾರದು, ಮುಂದೆ ನೋಡಿಕೊಂಡೇ ಕೇಳಬೇಕು ಎಂದೂ ಮೆಲ್ಲಗೆ ಸೇರಿಸಿದರು.

ಹಾಡು ಶುರುವಾದಾಗ ಆ ಮಾತಿನ ಅರ್ಥ ತಿಳಿಯಿತು. ಸಂಗೀತ ಕೇಳುವುದೆಂದರೆ ಹಾಡುವವರ ಮುಖ ನೋಡುವುದು ಎಂಬ ಅಭ್ಯಾಸದಲ್ಲಿ ಬೆಳೆದವಳು ನಾನು. ಕಛೇರಿಯಲ್ಲಿ ಗಾಯಕರ ಕೈ ತಾಳ ಹಾಕುವುದನ್ನು, ಮೃದಂಗದವರು ತಲೆಯಾಡಿಸುವುದನ್ನು ನೋಡುತ್ತ ಕೇಳಿದರೇ ನನಗೆ ಕೇಳಿದಂತೆ. ಇಲ್ಲಿ ನೋಡುವುದಕ್ಕೆ ಯಾರೂ ಇರಲಿಲ್ಲ. ದನಿ ಬೆನ್ನ ಹಿಂದಿನಿಂದ, ತಲೆಯ ಮೇಲಿನಿಂದ ಬಂದು, ಕಮಾನುಗಳಿಗೆ ತಾಗಿ, ಎದುರಿನ ಖಾಲಿ ಜಾಗದಿಂದ ಮತ್ತೆ ನಮ್ಮ ಕಡೆಗೆ ತಿರುಗುತ್ತಿತ್ತು. ಚಿಕ್ಕ ಹುಡುಗರ ಮೇಲ್ದನಿಯಲ್ಲಿ ಹೆಣ್ಣುದನಿಯ ದುಂಡುತನವಿಲ್ಲ. ತುಸು ಬಿರುಸಾದ, ನೇರವಾದ, ನಡುಗದ ದನಿ. ಆ ದನಿಯ ಆಯುಷ್ಯ ಮೂರೋ ನಾಲ್ಕೋ ವರ್ಷ. ಧ್ವನಿ ಒಡೆದ ಮೇಲೆ ಅದೇ ಹುಡುಗ ಕೆಳದನಿಯ ಸಾಲಿಗೆ ಹೋಗುತ್ತಾನೆ, ಮೇಲಿನ ಸಾಲಿಗೆ ಹೊಸಬ ಬರುತ್ತಾನೆ. ಎಂಟು ಶತಮಾನಗಳಿಂದ ಈ ಮೇಳ ಹೀಗೆ ತನ್ನನ್ನು ತಾನೇ ಮರುತುಂಬಿಸಿಕೊಳ್ಳುತ್ತ ಬಂದಿದೆ. ಹಾಡುಗಳ ನಡುವೆ ಪಾದ್ರಿಗಳ ಸಣ್ಣ ಪ್ರವಚನ, ಪ್ರಾರ್ಥನೆ, ಕೊನೆಗೆ ವಾದ್ಯಗಳೊಂದಿಗೆ ಬಾಖ್‌ರ ಕ್ಯಾಂಟಾಟ. ವಾದ್ಯ ನುಡಿಸುವವರು ಊರಿನ ದೊಡ್ಡ ಸಭಾಂಗಣವಾದ ಗೆವಾಂಡ್‌ಹೌಸ್‌ನ ಆರ್ಕೆಸ್ಟ್ರಾ ಎಂಬ ವಾದ್ಯವೃಂದದವರು. ಆ ಆರ್ಕೆಸ್ಟ್ರಾದಲ್ಲಿ ನೂರೆಂಬತ್ತಕ್ಕೂ ಹೆಚ್ಚು ಕಲಾವಿದರಿದ್ದಾರೆ. ಸಭಾಂಗಣದ ಕಛೇರಿ, ಆಪೆರಾ, ಈ ಚರ್ಚು ಮೂರಕ್ಕೂ ನುಡಿಸುವುದು ಅವರ ನೌಕರಿ.

ಮಧ್ಯದಲ್ಲಿ ಎಲ್ಲರೂ ಸೇರಿ ಹಾಡುವ ಒಂದು ಗೀತೆ ಬಂತು. ಅದರ ಸಾಹಿತ್ಯ ಕೈಯಲ್ಲಿದ್ದ ಹಾಳೆಯಲ್ಲೇ ಅಚ್ಚಾಗಿತ್ತು. ಸಭೆ ಎದ್ದು ನಿಂತು ಹಾಡತೊಡಗಿದಾಗ ನನ್ನ ಗೆಳತಿ ಹಾಳೆ ನೋಡದೆಯೇ ಹಾಡುತ್ತಿದ್ದಳು, ಕನ್ನಡದಲ್ಲಿ. ಅವಳದು ಬಾಸೆಲ್ ಮಿಷನ್ ಕಾಲದಿಂದ ಚರ್ಚಿಗೆ ಹೋಗುತ್ತಿರುವ ಮನೆತನ. ಹತ್ತೊಂಬತ್ತನೆಯ ಶತಮಾನದಲ್ಲಿ ಮಂಗಳೂರಿಗೆ ಬಂದ ಆ ಮಿಷನರಿಗಳು ಜರ್ಮನ್ ಗೀತೆಗಳ ರಾಗಗಳನ್ನು ಹಾಗೆಯೇ ಇಟ್ಟುಕೊಂಡು ಅವಕ್ಕೆ ಕನ್ನಡದ ಮಾತು ಕೂಡಿಸಿದರು, ಆ ಪರಂಪರೆಯ ಚರ್ಚುಗಳಲ್ಲಿ ಅವನ್ನು ಇಂದಿಗೂ ಹಾಡುತ್ತಾರೆ. ಹೊರಗೆ ಬಂದ ಮೇಲೆ ಅವಳು, "ನಮ್ಮ ಅಜ್ಜಿ ಅಡುಗೆಮನೆಯಲ್ಲಿ ಹಾಡುತ್ತಿದ್ದದ್ದು ಇದೇ ಮಾರಾಯ್ತಿ. ಇದು ನಮ್ಮ ಊರಿನದ್ದೇ ಅಂತ ನಾನು ಸಣ್ಣದಿರುವಾಗ ತಿಳ್ಕೊಂಡಿದ್ದೆ," ಎಂದಳು. ಬಾಖ್ ತಮ್ಮ ಕ್ಯಾಂಟಾಟಗಳನ್ನು ಕಟ್ಟಿದ್ದು ಇಂಥ ಗೀತೆಗಳ ಮೇಲೆಯೇ. ಸಭೆಯಲ್ಲಿ ಕುಳಿತ ಅಂಗಡಿಯವರಿಗೂ ಮನೆಗೆಲಸದವರಿಗೂ ಬಾಯಿಪಾಠವಾಗಿದ್ದ ರಾಗವನ್ನು ಎತ್ತಿಕೊಂಡು, ಅದರ ಸುತ್ತ ನಾಲ್ಕು ದನಿ ಹೆಣೆದು, ಕೊನೆಗೆ ಅದನ್ನೇ ಸರಳವಾಗಿ ಅವರ ಕೈಗೆ ಮರಳಿಸುತ್ತಿದ್ದರು. ಅಂಥ ಗೀತೆಗಳು ಬಂದರಿನ ದಾರಿಯಲ್ಲಿ ಮಂಗಳೂರು ತಲುಪಿ ಅಜ್ಜಿಯೊಬ್ಬರ ಅಡುಗೆಮನೆಯಲ್ಲಿ ನೆಲೆಸಿದ್ದನ್ನು ಕೇಳಿದಾಗ, ಈ ಸಂಗೀತ ನನಗೂ ಅಷ್ಟೇನೂ ಹೊರಗಿನದಲ್ಲ ಎನ್ನಿಸಿ ತುಂಬಾ ಸಂತೋಷವಾಯಿತು.

ಕೆಡವಿದ ಪ್ರತಿಮೆ

ಥಾಮಸ್ ಚರ್ಚಿನ ದೊಡ್ಡ ಬಾಗಿಲಿನ ಎದುರಿಗೆ ಮೆಂಡೆಲ್ಸನ್‌ರ ಪ್ರತಿಮೆಯಿದೆ. ನೋಡುವುದಕ್ಕೆ ಹಳೆಯದರಂತಿದ್ದರೂ ಅಲ್ಲಿ ನಿಲ್ಲಿಸಿದ್ದು 2008ರಲ್ಲಿ. 26ನೆಯ ವಯಸ್ಸಿಗೆ, 1835ರಲ್ಲಿ, ಗೆವಾಂಡ್‌ಹೌಸ್ ಕಛೇರಿಗಳ ಮುಖ್ಯಸ್ಥರಾಗಿ ಬಂದ ಮೆಂಡೆಲ್ಸನ್ ಈ ಊರಿಗೆ ಮಾಡಿದ್ದು ಅಷ್ಟಿಷ್ಟಲ್ಲ. 1840ರಲ್ಲಿ ಥಾಮಸ್ ಚರ್ಚಿನಲ್ಲಿ ತಾವೊಬ್ಬರೇ ಕುಳಿತು ಬಾಖ್‌ರ ಆರ್ಗನ್ ಕೃತಿಗಳನ್ನು ನುಡಿಸಿ ಹಣ ಕೂಡಿಸಿದರು. 1843ರಲ್ಲಿ ಬಾಖ್‌ರ ಮೊದಲ ಸ್ಮಾರಕ ನಿಂತದ್ದು ಅವರಿಂದಾಗಿ. ಅದೇ ವರ್ಷ ಅವರು ಆರಂಭಿಸಿದ ಸಂಗೀತ ವಿದ್ಯಾಲಯ ಇಂದಿಗೂ ನಡೆಯುತ್ತಿದೆ. ಕೃತಜ್ಞತೆಯಿಂದ ಊರು 1892ರಲ್ಲಿ ಗೆವಾಂಡ್‌ಹೌಸ್ ಮುಂದೆ ಅವರ ಪ್ರತಿಮೆ ನಿಲ್ಲಿಸಿತು. 1936ರ ನವೆಂಬರ್ 9ರ ರಾತ್ರಿ, ಮೇಯರ್ ಕಾರ್ಲ್ ಗ್ಯೋರ್ಡೆಲರ್ ಪರದೇಶದಲ್ಲಿದ್ದಾಗ, ನಾಜಿಗಳು ಅದನ್ನು ಕೆಡವಿದರು. ಮೆಂಡೆಲ್ಸನ್ ಯಹೂದಿ ಮನೆತನದಲ್ಲಿ ಹುಟ್ಟಿದವರೆಂಬುದೇ ಕಾರಣ. ಹಿಂದಿರುಗಿದ ಗ್ಯೋರ್ಡೆಲರ್ ಪ್ರತಿಮೆಯನ್ನು ಮತ್ತೆ ನಿಲ್ಲಿಸಬೇಕೆಂದು ಕೇಳಿ, ಅದು ಆಗದಿದ್ದಾಗ ಹುದ್ದೆ ಬಿಟ್ಟರು. ಮುಂದೆ ಹಿಟ್ಲರ್ ವಿರುದ್ಧದ ಸಂಚಿನಲ್ಲಿ ಸಿಕ್ಕಿ 1945ರ ಫೆಬ್ರವರಿಯಲ್ಲಿ ಮರಣದಂಡನೆಗೆ ಗುರಿಯಾದರು. ಊರಿನ ಸಂಗೀತ ಪ್ರಕಾಶನದ ದೊಡ್ಡ ಹೆಸರಾದ ಪೀಟರ್ಸ್ ಸಂಸ್ಥೆಯ ಒಡೆಯ, ಯಹೂದಿಯಾದ ಹೆನ್ರಿ ಹಿನ್ರಿಕ್ಸನ್‌ರನ್ನು 1942ರಲ್ಲಿ ನಾಜಿಗಳು ಆಶ್‌ವಿಟ್ಜ್ ಸೆರೆಶಿಬಿರದಲ್ಲಿ ಕೊಂದರು. ತಾಲ್‌ಸ್ಟ್ರಾಸೆ ಬೀದಿಯಲ್ಲಿ ಆ ಸಂಸ್ಥೆಯ ಕಟ್ಟಡದ ಎದುರು ನಿಂತಾಗ, ಸಂಗೀತದ ಊರು ಎಂಬ ಬಿರುದನ್ನು ಎಷ್ಟು ಎಚ್ಚರದಿಂದ ಬಳಸಬೇಕೆಂದು ನನಗನ್ನಿಸಿತು. ಸಂಗೀತವನ್ನು ಪ್ರೀತಿಸುವ ಊರು ಸಂಗೀತಗಾರರನ್ನು ಕಾಪಾಡುತ್ತದೆಂಬ ಭರವಸೆಯೇನೂ ಇಲ್ಲ.

ಅದೇ ಊರಿನಲ್ಲಿ 1989ರ ಅಕ್ಟೋಬರ್ 9ರಂದು ಆಗಿನ ಪೂರ್ವ ಜರ್ಮನಿಯ ಕಮ್ಯುನಿಸ್ಟ್ ಸರಕಾರದ ವಿರುದ್ಧ ಸುಮಾರು 70,000 ಜನ ಬೀದಿಗಿಳಿದಾಗ, ಎರಡೂ ಕಡೆಯವರು ಸಂಯಮದಿಂದಿರಬೇಕೆಂದು ಧ್ವನಿವರ್ಧಕಗಳಲ್ಲಿ ಕೇಳಿಬಂದ ದನಿ ಗೆವಾಂಡ್‌ಹೌಸ್ ಆರ್ಕೆಸ್ಟ್ರಾದ ನಿರ್ದೇಶಕ ಕುರ್ಟ್ ಮಾಜೂರ್ ಅವರದು. ಆ ರಾತ್ರಿ ಗುಂಡು ಹಾರಲಿಲ್ಲ. ಒಬ್ಬ ವಾದ್ಯವೃಂದದ ನಿರ್ದೇಶಕನ ಮಾತಿಗೆ ಅಷ್ಟು ತೂಕವಿದ್ದದ್ದು ಆ ಹುದ್ದೆ ಆ ಊರಿನ ಬದುಕಿನಲ್ಲಿ ಅಷ್ಟು ಆಳವಾಗಿ ಬೇರುಬಿಟ್ಟಿದ್ದರಿಂದ ಎಂದು ನಾನು ತಿಳಿಯುತ್ತೇನೆ.

ಬಿಡಿ ಹಾಳೆಗಳು

ಚರ್ಚಿನ ಎದುರು ಬದಿಯಲ್ಲಿ, ಬಾಖ್‌ರ ನೆರೆಯವರಾಗಿದ್ದ ಬೋಸೆ ಎಂಬ ವ್ಯಾಪಾರಿಯ ಮನೆಯಲ್ಲಿ ಈಗ ಬಾಖ್ ಮ್ಯೂಸಿಯಂ ಇದೆ. ಬಾಖ್ ವಾಸವಿದ್ದ ಶಾಲೆಯ ಕಟ್ಟಡವನ್ನು 1902ರಲ್ಲೇ ಕೆಡವಿದರು. ಹೀಗಾಗಿ ನೆರೆಮನೆಯೇ ಅವರ ಮನೆಯ ನೆನಪಿಗೆ ಉಳಿದಿದೆ. ಒಳಗಿನ ಒಂದು ಕೋಣೆಯಲ್ಲಿ ಮಬ್ಬು ಬೆಳಕು. ಗಾಜಿನ ಪೆಟ್ಟಿಗೆಗಳೊಳಗೆ ಕೈಬರಹದ ಮೂಲ ಹಾಳೆಗಳನ್ನು ಇಟ್ಟಿದ್ದಾರೆ. ನಾನು ಹೆಚ್ಚು ಹೊತ್ತು ನಿಂತದ್ದು ಒಂದೇ ದನಿಗೆ ಬರೆದ ಬಿಡಿ ಹಾಳೆಯೊಂದರ ಮುಂದೆ. ಗಾಢ ಕಂದು ಬಣ್ಣದ ಶಾಯಿ; ಸ್ವರಗಳು ಒತ್ತೊತ್ತಾಗಿ ಬಂದ ಕಡೆ ಶಾಯಿಯೇ ಕಾಗದವನ್ನು ತಿಂದು, ಹಿಂಬದಿಯ ಬರಹ ಮುಂದಕ್ಕೆ ಹಾಯ್ದಿತ್ತು. ಸಾಲು ಮುಗಿಯುತ್ತ ಬಂದಂತೆ ಅಕ್ಷರಗಳು ಕುಗ್ಗುತ್ತ ಹೋಗಿದ್ದವು, ಇನ್ನೊಂದು ಹಾಳೆ ಹಿಡಿಯದೆ ಇದರಲ್ಲೇ ಮುಗಿಸಬೇಕೆಂಬ ಆತುರ ಎದ್ದು ಕಾಣುತ್ತಿತ್ತು. ಇಂಥ ಹಾಳೆಗಳನ್ನು ಬರೆದವರಲ್ಲಿ ಬಾಖ್ ಒಬ್ಬರೇ ಇರಲಿಲ್ಲ. ಶಿಷ್ಯರು, ಮಕ್ಕಳು, ಎರಡನೆಯ ಹೆಂಡತಿ ಆನಾ ಮಗ್ದಲೇನಾ ಎಲ್ಲರೂ ಮನೆಯ ಮೇಜಿನ ಸುತ್ತ ಕುಳಿತು ನಕಲು ಮಾಡುತ್ತಿದ್ದರು. ಆನಾ ಮಗ್ದಲೇನಾ ಅವರ ಕೈಬರಹ ಗಂಡನ ಕೈಬರಹವನ್ನು ಎಷ್ಟು ಹೋಲುತ್ತಿತ್ತೆಂದರೆ ಎಷ್ಟೋ ಕಾಲ ಅದನ್ನು ಬಾಖ್‌ರದೆಂದೇ ಜನ ನಂಬಿದ್ದರು.

ಮದುವೆಗೆ ಮುಂಚೆ ಆಕೆ ಕ್ಯೋಥನ್ ಆಸ್ಥಾನದ ಗಾಯಕಿಯಾಗಿ ಸಂಬಳ ಪಡೆಯುತ್ತಿದ್ದವರು. ಲೈಪ್‌ಜಿಗ್‌ನ ಚರ್ಚಿನಲ್ಲಿ ಹೆಂಗಸರು ಹಾಡುವ ಹಾಗಿರಲಿಲ್ಲ. ಹದಿಮೂರು ಮಕ್ಕಳನ್ನು ಹೆತ್ತು, ಅವರಲ್ಲಿ ಏಳು ಮಕ್ಕಳನ್ನು ಚಿಕ್ಕಂದಿನಲ್ಲೇ ಮಣ್ಣು ಮಾಡಿ, ಅದರ ನಡುವೆಯೇ ಈ ಹಾಳೆಗಳನ್ನು ಬರೆದರು. ಗಂಡ ತೀರಿಕೊಂಡಾಗ ಅವರ ಪಾಲಿಗೆ ಬಂದದ್ದು ಬಾಖ್‌ರ ಎರಡನೆಯ ವರ್ಷದ ಕ್ಯಾಂಟಾಟಗಳ ಬಿಡಿ ಹಾಳೆಗಳು. ಅವನ್ನು ಅವರು ಥಾಮಸ್ ಶಾಲೆಗೆ ಕೊಟ್ಟರು. ಆರು ತಿಂಗಳು ಅದೇ ಮನೆಯಲ್ಲಿರಲು, ಗಂಡನ ಸಂಬಳ ಪಡೆಯಲು ಅವರಿಗೆ ಅವಕಾಶವಾಯಿತು. ಹಿರಿಯ ಮಗ ವಿಲ್ಹೆಲ್ಮ್ ಫ್ರೀಡೆಮನ್ ಪಾಲಿಗೆ ಹೋದ ಹಸ್ತಪ್ರತಿಗಳು ಕಷ್ಟಕಾಲದಲ್ಲಿ ಮಾರಾಟವಾಗಿ ಚದುರಿಹೋದವು. ಆನಾ ಮಗ್ದಲೇನಾ ಕೊಟ್ಟ 44 ಕ್ಯಾಂಟಾಟಗಳ ಹಾಳೆಗಳು ಈ ಊರು ಬಿಟ್ಟು ಹೋಗಲಿಲ್ಲ. ಈಗ ಇದೇ ಕಟ್ಟಡದಲ್ಲಿರುವ ಬಾಖ್ ಸಂಗ್ರಹದಲ್ಲಿವೆ. ಕೊಟ್ಟವರು ಮಾತ್ರ ಹತ್ತು ವರ್ಷ ಊರಿನ ಧರ್ಮದ ಹಣದಲ್ಲಿ ಬದುಕಿ 1760ರಲ್ಲಿ ತೀರಿಕೊಂಡರು. ಚರ್ಚಿನೊಳಗಿನ ಆ ಕಂಚಿನ ಫಲಕದ ಪಕ್ಕದಲ್ಲಿ ಇನ್ನೊಂದು ಹೆಸರಿರಬೇಕಿತ್ತು ಎಂಬ ನನ್ನ ಅಭಿಪ್ರಾಯವನ್ನು ಇಲ್ಲಿ ಬರೆದೇ ಮುಂದೆ ಹೋಗುತ್ತೇನೆ.

ನೌಕರಿಯ ಏರ್ಪಾಟಿಗೆ ಕರುಣೆಯಿರಲಿಲ್ಲ. ಬಾಖ್ ಇನ್ನೂ ಬದುಕಿರುವಾಗಲೇ, 1749ರ ಜೂನ್‌ನಲ್ಲಿ, ಅವರು ತೀರಿಕೊಂಡರೆ ಇರಲಿ ಎಂದು ನಗರಸಭೆಯವರು ಗಾಟ್ಲೋಬ್ ಹಾರರ್ ಎಂಬವರನ್ನು ಕರೆಸಿ ಹಾಡಿಸಿ ನೋಡಿದರು. ಓದಿದಾಗ ಮೈ ಉರಿಯುತ್ತದೆ. ಆದರೆ ಬಾಖ್ ಸತ್ತ ವಾರದ ಭಾನುವಾರಕ್ಕೂ ಹಾಡು ಬೇಕಿತ್ತು, ಅದರ ಮುಂದಿನ ಭಾನುವಾರಕ್ಕೂ ಬೇಕಿತ್ತು ಎಂಬುದನ್ನು ನೆನೆದರೆ ನನ್ನ ಸಿಟ್ಟು ಅಲ್ಲಲ್ಲೇ ತಡವರಿಸುತ್ತದೆ. ಹೆಂಡತಿಯನ್ನು ಕೈಬಿಟ್ಟದ್ದೂ ಹಾಡನ್ನು ಕೈಬಿಡದೆ ನಡೆಸಿದ್ದೂ ಒಂದೇ ನಗರಸಭೆ. ಇವೆರಡನ್ನೂ ಒಟ್ಟಿಗೆ ಹಿಡಿದು ಯೋಚಿಸುವುದು ನನಗೆ ಇನ್ನೂ ಸುಲಭವಾಗಿಲ್ಲ.

ಬಾಖ್‌ರನ್ನು ಲೋಕ ಪೂರ್ತಿ ಮರೆತಿತ್ತು, 1829ರಲ್ಲಿ ಬರ್ಲಿನ್‌ನಲ್ಲಿ ಮ್ಯಾಥ್ಯೂ ಪ್ಯಾಷನ್ ಹಾಡಿಸಿ ಮೆಂಡೆಲ್ಸನ್ ಅವರನ್ನು ಮರಳಿ ತಂದರು ಎಂದು ಎಲ್ಲ ಕಡೆ ಹೇಳುತ್ತಾರೆ. ಆ ದೊಡ್ಡ ಕೃತಿಯ ಮಟ್ಟಿಗೆ ಅದು ನಿಜ. ಆದರೆ ಥಾಮಸ್ ಶಾಲೆಯಲ್ಲಿ ಬಾಖ್‌ರ ಮೊಟೆಟ್‌ಗಳನ್ನು, ಎಂದರೆ ಹಲವು ದನಿಗಳ ಮೇಳಕ್ಕೆ ಬರೆದ ಭಕ್ತಿಗೀತೆಗಳನ್ನು, ಹುಡುಗರು ಬಿಟ್ಟೇ ಇರಲಿಲ್ಲ. ಹಾರರ್ ಆದ ಮೇಲೆ ಬಂದ ಕ್ಯಾಂಟರ್ ಡೋಲೆಸ್ ಬಾಖ್‌ರ ಶಿಷ್ಯರು. 1789ರಲ್ಲಿ ಮೊಜಾರ್ಟ್ ಲೈಪ್‌ಜಿಗ್‌ಗೆ ಬಂದಾಗ ಡೋಲೆಸ್ ಈ ಹುಡುಗರಿಂದ ಎರಡು ಮೇಳಗಳಿಗೆ ಬರೆದ ಬಾಖ್‌ರ ಮೊಟೆಟ್ ಒಂದನ್ನು ಹಾಡಿಸಿದರು. ಥಾಮಸ್ ಶಾಲೆಯಲ್ಲಿ ಓದಿದ್ದ ರೋಖ್ಲಿಟ್ಜ್ ಮುಂದೆ ಅದನ್ನು ಬರೆದಿಟ್ಟಿದ್ದಾರೆ. ಕೆಲವು ಸಾಲು ಕೇಳುತ್ತಿದ್ದಂತೆ ಮೊಜಾರ್ಟ್ ಬೆರಗಾಗಿ ಇದೇನೆಂದು ಕೇಳಿದರಂತೆ. ಮುಗಿದ ಮೇಲೆ, ಇದರಿಂದ ಕಲಿಯುವುದಿದೆ ಎಂದರಂತೆ. ಶಾಲೆಯಲ್ಲಿ ಬಾಖ್‌ರ ಮೊಟೆಟ್‌ಗಳ ಸಂಗ್ರಹವೇ ಇದೆಯೆಂದು ತಿಳಿದಾಗ ಅವನ್ನು ತೋರಿಸಿ ಎಂದರು. ಎಲ್ಲ ದನಿಗಳನ್ನೂ ಒಟ್ಟಿಗೆ ಬರೆದ ಪ್ರತಿ ಅಲ್ಲಿರಲಿಲ್ಲ, ಹುಡುಗರು ಹಿಡಿದು ಹಾಡುವ ಬಿಡಿ ಹಾಳೆಗಳಷ್ಟೇ ಇದ್ದವು. ಮೊಜಾರ್ಟ್ ಅವನ್ನು ಎರಡೂ ಕೈಗಳಲ್ಲಿ, ತೊಡೆಯ ಮೇಲೆ, ಅಕ್ಕಪಕ್ಕದ ಕುರ್ಚಿಗಳ ಮೇಲೆ ಹರಡಿಕೊಂಡು ಕುಳಿತರು; ಅಲ್ಲಿದ್ದದ್ದನ್ನೆಲ್ಲ ನೋಡಿ ಮುಗಿಸುವ ತನಕ ಏಳಲಿಲ್ಲ, ಹೊರಡುವಾಗ ತಮಗೊಂದು ನಕಲು ಬೇಕೆಂದು ಕೇಳಿದರು. ಬಾಖ್‌ರ ಗೋರಿ ಎಲ್ಲಿದೆಯೆಂದು ಆ ದಿನ ಯಾರನ್ನಾದರೂ ಕೇಳಿದ್ದರೆ ಆರು ಹೆಜ್ಜೆಯ ಮಾತನ್ನು ಹೇಳುತ್ತಿದ್ದರು. ಹಾಳೆಗಳು ಮಾತ್ರ ಕೈಗೆ ಸಿಗುವಲ್ಲೇ ಇದ್ದವು, ಏಕೆಂದರೆ ಹುಡುಗರು ಅವನ್ನು ಹಾಡುತ್ತಲೇ ಇದ್ದರು.